ಏನು ಓದ್ತಿದ್ದೀಯ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಕೊನೆಯಲ್ಲಿ ಎಂದಿನ ಹಾಗೆ ಒಂದು ಸಾಲು ಕೇಳಿದ್ದೆ: "ಈಗ ಏನು ಓದ್ತಿದ್ದೀಯ?" ಉತ್ತರ ಬರೆಯಲು ಎರಡು ಸಲ ಕೂತೆ. ಎರಡು ಸಲವೂ ಎದ್ದು ಹೋದೆ. ನಿಜ ಹೇಳಬೇಕೆಂದರೆ ನಾನು ಏನೂ ಓದುತ್ತಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಮೇಜಿನ ಮೇಲೆ ಗುರುತಿನ ಚೀಟಿ ಸಿಕ್ಕಿಸಿದ ನಾಲ್ಕು ಪುಸ್ತಕ ಇದ್ದವು. ಅವುಗಳ ಹೆಸರು ಬರೆದಿದ್ದರೆ ನೀನು ನಂಬುತ್ತಿದ್ದೆ. ಆದರೆ ನಾಲ್ಕು ಚೀಟಿಗಳಲ್ಲಿ ಒಂದೂ 20ನೇ ಪುಟ ದಾಟಿರಲಿಲ್ಲ.

ಈಗ ಹೇಳುವುದಕ್ಕೆ ಏನೋ ಇದೆ. ಉದ್ದ ಆಗುತ್ತದೆ. ಪುರುಸೊತ್ತಾದಾಗ ಓದು.

ಮೊದಲು ಕೆಲಸದ ವಿಷಯ. ಹದಿನಾರು ವರ್ಷ ಲೆಕ್ಕಪತ್ರ ನೋಡಿದ ಕೆಲಸವನ್ನು ಹೋದ ವರ್ಷ ಬಿಟ್ಟೆ. ಈಗ ಒಂದು ಪ್ರಕಾಶನದಲ್ಲಿ ಪ್ರೂಫ್ ನೋಡುತ್ತೇನೆ. ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ. ಪುಸ್ತಕ ಓದಿದ್ದಕ್ಕೆ ಸಂಬಳ ಕೊಡೋ ಕೆಲಸ ಇದ್ದರೆ ಹೇಳು ಅಂತ ಕಾಲೇಜಿನಲ್ಲಿ ಗೋಗರೆಯುತ್ತಿದ್ದವನು ನಾನೇ ಅಲ್ವಾ? ಸಿಕ್ಕಿತು. ಸಂಬಳ ಮೊದಲಿನದರ ಅರ್ಧಕ್ಕೂ ಕಡಿಮೆ, ಆ ಮಾತು ಬೇರೆ.

ಆದರೆ ಮಾರಾಯ, ಪ್ರೂಫ್ ನೋಡುವುದು ಓದುವುದಲ್ಲ. ಇಷ್ಟು ತಿಳಿಯುವುದಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ನಾವು ಸುಮ್ನೆ ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುತ್ತದೆ ಅಂದುಕೊಂಡಿರುತ್ತೇವೆ. ಹಾಗಲ್ಲ. ಅದು ಹಾರುತ್ತದೆ, ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡು. ಸಣ್ಣಪುಟ್ಟ ಪದಗಳ ಮೇಲೆ ಎಷ್ಟೋ ಸಲ ನಿಲ್ಲುವುದೇ ಇಲ್ಲ. ಬಿಟ್ಟುಹೋದದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ. ಬೇಗ ಓದುವವನು ಅಂದರೆ ಚೆನ್ನಾಗಿ ಊಹಿಸುವವನು, ಅಷ್ಟೇ. ಪ್ರೂಫ್ ನೋಡುವವನಿಗೆ ಆ ಊಹೆಯೇ ಶತ್ರು. "ಮಾಡಿದರು" ಎಂದಿರಬೇಕಾದ ಕಡೆ "ಮಡಿದರು" ಎಂದಿದ್ದರೂ ಮನಸ್ಸು ತನಗೆ ಬೇಕಾದದ್ದನ್ನೇ ಓದಿಕೊಂಡು ಮುಂದೆ ಹೋಗುತ್ತದೆ. ನನ್ನ ಮೊದಲ ತಿಂಗಳಲ್ಲಿ ಒಂದು ಸಂಘದ ಅಧ್ಯಕ್ಷರು ಎರಡು ಪುಟದೊಳಗೆ ಮೂರು ಸಲ ಭಾಷಣ ಮಡಿದರು. ಲೇಖಕರೇ ಫೋನ್ ಮಾಡಿ ಹೇಳಿದರು. ಪುಣ್ಯಕ್ಕೆ ಅಚ್ಚಿಗೆ ಹೋಗಿರಲಿಲ್ಲ.

ನಮ್ಮಲ್ಲಿ ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಹಿರಿಯರೊಬ್ಬರಿದ್ದಾರೆ. ಅವರು ನನಗೆ ಒಂದು ರಟ್ಟಿನ ತುಂಡು ಕೊಟ್ಟರು. ಅದನ್ನು ಸಾಲಿನ ಕೆಳಗೆ ಇಟ್ಟುಕೊಂಡು, ಮುಂದಿನ ಸಾಲು ಕಾಣದ ಹಾಗೆ ಮುಚ್ಚಿ ನೋಡಬೇಕು. ತೀರಾ ಅನುಮಾನದ ಪುಟವಾದರೆ ಕೊನೆಯ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಬರಬೇಕು. ಆಗ ಕತೆ ಕೈಹಿಡಿದು ಎಳೆಯುವುದಿಲ್ಲ. "ಅರ್ಥ ಮಾಡ್ಕೋಬೇಡಿ, ನೋಡಿ" ಅಂತಾರೆ ಅವರು. ಹೋಗಲಿ ಅಂದರೆ ಕಣ್ಣಿಗೆ ಕಾಣದ ತಪ್ಪುಗಳೂ ಇವೆ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸಿದಾಗ ಒತ್ತಕ್ಷರಗಳು ಜಾಗ ಬಿಟ್ಟು ಓಡುತ್ತವೆ. ಕೆಲವರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನೇ ಒತ್ತಿರುತ್ತಾರೆ. ನೋಡಲು ಎರಡೂ ಒಂದೇ ಥರ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಕಡತದಲ್ಲಿ "ಅಂಗಳ" ಎಂದು ಹುಡುಕಿದರೆ ಸಿಗುವುದಿಲ್ಲ, ಕಣ್ಣೆದುರಿಗೇ ಇರುತ್ತದೆ. ನೋಡಿದರೆ ಅಂಗಳದ ನಡುವೆ ಒಂದು ಪೂಜ್ಯ ಕೂತಿರುತ್ತದೆ.

ಹಳೆಯ ಕಸುಬು ಪೂರ್ತಿ ದಂಡವಾಗಲಿಲ್ಲ ಅನ್ನು. ಪುಸ್ತಕದ ಹಿಂಬದಿಗೆ ಇರುತ್ತದಲ್ಲ ಗುರುತಿನ ಸಂಖ್ಯೆ, ಐಎಸ್‌ಬಿಎನ್, 2007ರಿಂದ ಅದಕ್ಕೆ 13 ಅಂಕಿ. ಕೊನೆಯದು ಸುಮ್ನೆ ಬಂದ ಅಂಕಿಯಲ್ಲ. ಮೊದಲ ಹನ್ನೆರಡನ್ನು ಒಂದು ಬಿಟ್ಟು ಒಂದರಂತೆ 1ರಿಂದಲೂ 3ರಿಂದಲೂ ಗುಣಿಸಿ ಕೂಡಬೇಕು. ಆ ಮೊತ್ತವನ್ನು ಮುಂದಿನ ಹತ್ತಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ಹದಿಮೂರನೆಯ ಅಂಕಿ. ಯಾರಾದರೂ ಒಂದು ಅಂಕಿ ತಪ್ಪು ಒತ್ತಿದರೆ ಲೆಕ್ಕ ಕೂಡುವುದಿಲ್ಲ. ಬೆಳಿಗ್ಗೆ ಹೋದ ಕೂಡಲೇ ನಾನು ಮಾಡುವ ಮೊದಲ ಕೆಲಸ ಇದು. ಇಡೀ ದಿನದಲ್ಲಿ ನನಗೆ ಖುಷಿ ಕೊಡುವ ಐದು ನಿಮಿಷವೂ ಅದೇ ಅಂತ ಹೇಳಿದರೆ ನೀನು ಬೈಯಬಾರದು.

ತೊಂದರೆ ಶುರುವಾದದ್ದು ಮನೆಯಲ್ಲಿ. ಸಂಜೆ ಬಂದು ನನ್ನದೇ ಪುಸ್ತಕ ತೆಗೆದರೆ ಕೈ ಕೆಂಪು ಪೆನ್ನು ಹುಡುಕುತ್ತಿತ್ತು. ಒಳ್ಳೆಯ ಕಾದಂಬರಿ. ನಾಯಕಿ ಅಳುತ್ತಿದ್ದಾಳೆ. ನಾನು ನೋಡುತ್ತಿದ್ದದ್ದು ಅವಳ ಮಾತಿಗೆ ಉದ್ಧರಣ ಚಿಹ್ನೆ ಮುಚ್ಚಿಲ್ಲ ಎಂಬುದನ್ನು. ಹತ್ತು ಪುಟದಲ್ಲಿ ಏಳು ತಪ್ಪು ಸಿಕ್ಕವು. ಕತೆ ಏನು ಅಂತ ಕೇಳಿದ್ದರೆ ಗೊತ್ತಿರಲಿಲ್ಲ. ಹೀಗೆ ನಾಲ್ಕು ಪುಸ್ತಕ ಆದಮೇಲೆ ತೆಗೆಯುವುದನ್ನೇ ಬಿಟ್ಟೆ.

ಜೊತೆಗೆ ಚಾಳೀಸು. ನಿನಗೂ ಬಂದಿರಬೇಕು, ನನಗಿಂತ ಎಂಟು ತಿಂಗಳು ದೊಡ್ಡವನು ನೀನು. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಬಿರುಸಾಗಿ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬುವುದಿಲ್ಲವಂತೆ. ನಾನು ಪುಸ್ತಕವನ್ನು ದೂರ ದೂರ ಹಿಡಿಯುತ್ತಾ ಹೋದೆ. ಕೊನೆಗೆ ತೋಳು ಸಾಲಲಿಲ್ಲ, ಕನ್ನಡಕ ಬಂತು. ಈಗ ಮನೆಯಲ್ಲಿ ಮೂರು ಇವೆ, ಬೇಕಾದಾಗ ಒಂದೂ ಸಿಗುವುದಿಲ್ಲ.

ಒಂದು ವಾರವಂತೂ ಹಳೆಯ ಕೆಲಸಕ್ಕೇ ವಾಪಸ್ ಹೋಗಿಬಿಡೋಣ ಅನ್ನಿಸಿತ್ತು. ಆಗ ನೆನಪಾದವರು ಎಸ್. ಆರ್. ರಂಗನಾಥನ್. ಗಣಿತ ಪಾಠ ಮಾಡುತ್ತಿದ್ದವರು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಪುಸ್ತಕಗಳ ನಡುವೆ ಸುಮ್ಮನೆ ಕೂರುವುದು ಅವರಿಗೆ ಎಷ್ಟು ಬೇಜಾರಾಯಿತೆಂದರೆ, ಕೆಲವೇ ದಿನದಲ್ಲಿ ಹಳೆಯ ಕಾಲೇಜಿಗೆ ಹೋಗಿ ನನ್ನ ಪಾಠದ ಕೆಲಸ ವಾಪಸ್ ಕೊಡಿ ಅಂದರಂತೆ. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬಾ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ ಎಂದು ಒಪ್ಪಿಸಿ ಕಳಿಸಿದರು. ಅಲ್ಲಿಂದ ಬಂದ ಮೇಲೆ ಆ ಮನುಷ್ಯ ಜೀವಮಾನವೆಲ್ಲ ಗ್ರಂಥಾಲಯ ಬಿಡಲಿಲ್ಲ. ನನ್ನನ್ನು ಯಾರೂ ಲಂಡನ್ನಿಗೆ ಕಳಿಸಲಿಲ್ಲ. ಅಮ್ಮ ಬಂದಳು.

ಅಮ್ಮನ ಕಣ್ಣಿನ ವಿಷಯ ನಿನಗೆ ಅರ್ಧ ಗೊತ್ತು. ಶುರುವಾದದ್ದು ಹೀಗೆ. ಒಂದು ದಿನ ಫೋನಿನಲ್ಲಿ "ಬಾಗಿಲ ಚೌಕಟ್ಟು ಸೊಟ್ಟ ಆಗಿದೆ ಕಣೋ, ಬಡಗಿಯನ್ನು ಕರೆಸಬೇಕು" ಅಂದಳು. ಚೌಕಟ್ಟು ನೆಟ್ಟಗೇ ಇತ್ತು. ನಾವು ಎರಡು ಸಲ ಕನ್ನಡಕ ಬದಲಿಸಿದೆವು. ಆಮೇಲೆ ಡಾಕ್ಟರು ಚೌಕುಳಿ ಗೆರೆಗಳಿರುವ ಒಂದು ಹಾಳೆ ತೋರಿಸಿ, ನಡುವಿನ ಚುಕ್ಕಿ ನೋಡಿ, ಗೆರೆ ಹೇಗಿವೆ ಹೇಳಿ ಅಂದರು. "ಅಲೆಅಲೆಯಾಗಿವೆ" ಅಂದಳು. ಅಲ್ಲಿಗೆ ಗೊತ್ತಾಯಿತು. ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ. ಆ ಜಾಗಕ್ಕೆ ಮ್ಯಾಕ್ಯುಲ ಅನ್ನುತ್ತಾರೆ. ವಯಸ್ಸಾದವರಿಗೆ ಬರುತ್ತದೆ. ಅಮ್ಮನದು ನಿಧಾನವಾಗಿ ಹೋಗುವ ಬಗೆ. ಆದರೆ ಹೋದದ್ದು ವಾಪಸ್ ಬರುವುದಿಲ್ಲ.

ನೀನೊಂದು ಮಾಡು. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿ. ಆ ಉಗುರಿನ ಅಗಲದಷ್ಟು ಮಾತ್ರ ನಮಗೆ ಯಾವಾಗಲೂ ತೀರಾ ಸ್ಪಷ್ಟವಾಗಿ ಕಾಣುವುದು. ಉಳಿದದ್ದೆಲ್ಲ ಮಸುಕು. ಕಣ್ಣು ಹಾರುತ್ತಲೇ ಇರುವುದರಿಂದ ನಮಗೆ ಅದು ಗೊತ್ತಾಗುವುದಿಲ್ಲ. ಓದುವಾಗ ಕಣ್ಣು ಹಾರಿ ಹಾರಿ ನಿಲ್ಲುತ್ತದೆ ಅಂದೆನಲ್ಲ, ಅದು ಈ ಉಗುರಿನಷ್ಟು ಜಾಗವನ್ನು ಒಂದೊಂದೇ ಪದದ ಮೇಲೆ ತಂದು ಇಡುವುದಕ್ಕೆ. ಅಮ್ಮನಿಗೆ ಹೋಗಿರುವುದು ಸರಿಯಾಗಿ ಅಷ್ಟೇ ಜಾಗ. ಮನೆಯಲ್ಲಿ ಓಡಾಡುತ್ತಾಳೆ, ಎಲ್ಲೂ ಎಡವುವುದಿಲ್ಲ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎನ್ನುವುದು ಗೊತ್ತಾಗುತ್ತದೆ. ಯಾರು ಅಂತ ಗೊತ್ತಾಗುವುದಿಲ್ಲ. ಮುಖ ಇರಬೇಕಾದ ಕಡೆ ಬೂದಿ ಬಣ್ಣದ ಕಲೆ. ಅಕ್ಷರ ಓದಬೇಕೆಂದು ನೆಟ್ಟಗೆ ನೋಡಿದರೆ ಅಕ್ಷರ ಮಾಯ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಓರೆಯಲ್ಲಿ ಏನೋ ಒಂದಿಷ್ಟು. "ಕಳ್ಳರ ಹಾಗೆ ಓದಬೇಕು ಈಗ" ಅಂತಾಳೆ.

ಇವಳು ಹೇಗೆ ಓದುತ್ತಿದ್ದಳು ಅಂತ ನಿನಗೆ ಗೊತ್ತಲ್ಲ. ಒಲೆ ಮುಂದೆ ನಿಂತುಕೊಂಡು ಓದುತ್ತಿದ್ದಳು. ನಾವು ತಂದ ಗ್ರಂಥಾಲಯದ ಪುಸ್ತಕವನ್ನು ನಮಗಿಂತ ಮೊದಲು ಮುಗಿಸಿ, ಕೊಲೆ ಮಾಡಿದ್ದು ಯಾರು ಅಂತ ಊಟಕ್ಕೆ ಕೂತಾಗ ಹೇಳಿಬಿಡುತ್ತಿದ್ದಳು. ನೀನು ಅದಕ್ಕೇ ಎರಡು ದಿನ ನಮ್ಮ ಮನೆಗೆ ಬಂದಿರಲಿಲ್ಲ.

ಅವಳಿಗೊಂದು ಕೋಣೆ ಬೇಕಿತ್ತು. ಇದ್ದದ್ದು ಪುಸ್ತಕದ ಕೋಣೆ. ಹಾಗಾಗಿ ಎಂಟು ಕಪಾಟು ಎರಡಾಗಬೇಕಾಯಿತು. ಮೂರು ಭಾನುವಾರ ಅದೇ ಕೆಲಸ. ಕಾಗದದ ಭಾರ ಎತ್ತಿದ ಮೇಲೇ ತಿಳಿಯುವುದು. ಮೊದಲ ದೊಡ್ಡ ಪೆಟ್ಟಿಗೆಯ ತಳ ಕಳಚಿ ನನ್ನ ಕಾಲ ಮೇಲೆಯೇ ಬಿತ್ತು. ಆಮೇಲೆ ಸಣ್ಣ ಪೆಟ್ಟಿಗೆ ತಂದೆ. ಯಾವುದು ಇಟ್ಟುಕೊಳ್ಳುವುದು, ಯಾವುದು ಕೊಡುವುದು? ಮತ್ತೆ ರಂಗನಾಥನ್ನರೇ ಬಂದರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರಲ್ಲ, ಮೂರನೆಯದು "ಪ್ರತಿ ಪುಸ್ತಕಕ್ಕೂ ಅದರ ಓದುಗ". ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು, ನಿನ್ನ ಓದುಗ ನಾನೇನಾ ಅಂತ ಕೇಳಿಕೊಂಡೆ. ಬಹಳ ಸಲ ಅಲ್ಲ ಅಂತಲೇ ಬಂತು. ಎಷ್ಟೋ ಪುಸ್ತಕಗಳನ್ನು ನಾನು ಕೊಂಡದ್ದು, ಅವನ್ನು ಓದುವಂಥ ಮನುಷ್ಯ ಮುಂದೆ ಆಗುತ್ತೇನೆ ಎಂಬ ನಂಬಿಕೆಯಲ್ಲಿ. ಆ ಮನುಷ್ಯ ಬರಲಿಲ್ಲ. ಅವನ ಪುಸ್ತಕಗಳೆಲ್ಲ ಒಂದು ಶಾಲೆಗೆ ಹೋದವು. ಹೊಟ್ಟೆ ಉರಿಯಿತಾ ಅಂತ ಕೇಳಬೇಡ. ಎರಡನ್ನು ರಾತ್ರಿ ಪೆಟ್ಟಿಗೆ ಬಿಚ್ಚಿ ವಾಪಸ್ ತೆಗೆದುಕೊಂಡೆ.

ಕೆಲವಂತೂ ಮುಟ್ಟಿದರೆ ಮುರಿಯುತ್ತಿದ್ದವು. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಗಾಳಿ ಬೆಳಕಿಗೆ ಅದು ಹಳದಿಯಾಗುತ್ತದೆ. ಜೊತೆಗಿರುವ ಆಮ್ಲ ಕಾಗದದ ಎಳೆಯನ್ನೇ ತಿನ್ನುತ್ತದೆ. ಹಳೇ ಪುಸ್ತಕದ ವಾಸನೆ ಅಂತ ನಾವು ಮೂಗಿಗೆ ಹಿಡಿದು ಸುಖಪಡುತ್ತಿದ್ದೆವಲ್ಲ, ಅದರಲ್ಲಿ ಒಂದು ಪಾಲು ಕಾಗದ ಸಾಯುವ ವಾಸನೆ.

ಈಗ ನಿಜವಾದ ಸುದ್ದಿಗೆ ಬರುತ್ತೇನೆ. ಕೂತುಕೊಂಡು ಓದು.

ಕೆಳಗಿನ ಖಾನೆಯಲ್ಲಿ ಹಳೆಯ ತೆರಿಗೆ ಕಾಗದಗಳ ಕಟ್ಟಿನ ಕೆಳಗೆ ಒಂದು ಪುಸ್ತಕ ಇತ್ತು. ಕಂದು ಕಾಗದದ ಹೊದಿಕೆ. ಬೆನ್ನ ಮೇಲೆ ಹೆಸರಿಲ್ಲ. ತೆರೆದರೆ ಮೊದಲ ಪುಟದಲ್ಲಿ ನಿನ್ನ ಸಹಿ.

ಹೌದು. ಅದೇ ಪುಸ್ತಕ. ಹದಿನೈದು ವರ್ಷದಿಂದ ನೀನು ಕೊಡು ಅನ್ನುತ್ತಿದ್ದದ್ದು, ನಾನು ಕೊಟ್ಟಾಯ್ತು ಅನ್ನುತ್ತಿದ್ದದ್ದು. ನಿನ್ನ ಮದುವೆಯ ದಿನವೂ ಕೇಳಿದ್ದೆ, ದೇವರಾಣೆ ವಾಪಸ್ ಕೊಟ್ಟಿದ್ದೇನೆ ಅಂದಿದ್ದೆ. ಕೊಳೆಯಾಗದಿರಲಿ ಅಂತ ಹೊದಿಕೆ ಹಾಕಿದವನೂ ನಾನೇ. ಆ ಹೊದಿಕೆಯಿಂದಲೇ ಅದು ನನಗೂ ಕಾಣದೆ ಹೋದದ್ದು. ನೆಲದ ಮೇಲೆ ಕೂತು ಒಬ್ಬನೇ ನಕ್ಕೆ. ಅಮ್ಮ ಪಕ್ಕದ ಕೋಣೆಯಿಂದ "ಏನೋ ಅದು?" ಅಂದಳು. "ಕಳ್ಳಮಾಲು ಸಿಕ್ಕಿತು" ಅಂದೆ. "ಹಾಗಾದರೆ ಓದು" ಅಂದಳು.

ಅದಕ್ಕೆ ಮೊದಲು ಬೇರೆಲ್ಲ ಮಾಡಿ ನೋಡಿದ್ದೆವು. ಫೋನಿಗೆ ಓದಿಸಿದೆವು. ಅದು ಕನ್ನಡ ಓದುತ್ತದೆ, ತಪ್ಪೇನಿಲ್ಲ. ಹತ್ತು ನಿಮಿಷ ಕೇಳಿ ಅಮ್ಮ, "ಈ ಹುಡುಗಿಗೆ ಕತೆಯಲ್ಲಿ ಯಾರು ಸತ್ತರೂ ಏನೂ ಅನ್ನಿಸೋದಿಲ್ಲ" ಅಂದಳು. ಇ-ರೀಡರ್ ತಂದೆ. ಅದರ ಪರದೆಯಲ್ಲಿ ಕೂದಲೆಳೆ ದಪ್ಪದ ಗುಳ್ಳೆಗಳಿರುತ್ತವೆ. ಒಳಗೆ ಕಪ್ಪು ಮತ್ತು ಬಿಳಿ ಕಣಗಳು. ಕರೆಂಟ್ ಕೊಟ್ಟಾಗ ಬೇಕಾದ ಬಣ್ಣ ಮೇಲೆ ಬಂದು ಹಾಗೇ ನಿಲ್ಲುತ್ತದೆ. ಪುಟ ತಿರುಗಿಸುವಾಗ ಮಾತ್ರ ಬ್ಯಾಟರಿ ಖರ್ಚು. ಇದನ್ನೆಲ್ಲ ಅವಳು ನನಗಿಂತ ಚೆನ್ನಾಗಿ ಕೇಳಿ ತಿಳಿದುಕೊಂಡಳು. ಓದಲು ಆಗಲಿಲ್ಲ. ಅವಳಿಗೆ ಕಾಣುವಷ್ಟು ದೊಡ್ಡದು ಮಾಡಿದರೆ ಪರದೆಗೆ ಆರು ಪದ. "ಸಾಲು ಮುಗಿಯೋ ಹೊತ್ತಿಗೆ ಶುರು ಮರೆತುಹೋಗಿರುತ್ತೆ" ಅಂದಳು. ಈಗ ಅದನ್ನು ನಾನೇ ಬಳಸುತ್ತೇನೆ. ಕನ್ನಡಕ ಸಿಗದಾಗ ಅನುಕೂಲ.

ಹಾಗೆ ಶುರುವಾಯಿತು. ರಾತ್ರಿ ಒಂಬತ್ತಕ್ಕೆ, ದಿನಕ್ಕೆ ಹತ್ತು ಪುಟ. ಗಟ್ಟಿಯಾಗಿ.

ಮೊದಲ ದಿನ ನನ್ನ ಗಂಟಲು ಐದನೇ ಪುಟಕ್ಕೇ ಕಟ್ಟಿತು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತಲೂ ಗೊತ್ತಿರಲಿಲ್ಲ. ನೀನು ಯಾವಾಗಲೋ ಹೇಳಿದ್ದೆ, ನಾಲ್ಕನೇ ಶತಮಾನದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಸದ್ದಿಲ್ಲದೆ ಓದುತ್ತಿದ್ದುದೇ ಬರೆದಿಡುವ ವಿಷಯ ಅಂತ ಕ್ರೈಸ್ತ ಸಂತ ಆಗಸ್ಟೀನನಿಗೆ ಅನ್ನಿಸಿತ್ತು ಎಂದು. ಈಗ ನಮಗೆ ಅದರ ಉಲ್ಟಾ ಆಗಿದೆ. ಗಟ್ಟಿಯಾಗಿ ಓದಲು ನಾಚಿಕೆ. ಪಕ್ಕದ ಮನೆಗೆ ಕೇಳಿಸುತ್ತದೇನೋ ಅಂತ ನಾನು ಕಿಟಕಿ ಹಾಕಿದ್ದೆ. ಅಮ್ಮ ತೆಗೆಸಿದಳು.

ಗಟ್ಟಿಯಾಗಿ ಓದುವಾಗ ಹಾರಿಸುವುದಕ್ಕೆ ಆಗುವುದಿಲ್ಲ ಕಣೋ. ನಾನು ಎಷ್ಟು ಹಾರಿಸಿ ಓದುವವನು ಅಂತ ಗೊತ್ತಾದದ್ದೇ ಈಗ. ವರ್ಣನೆ ಬಂದರೆ ಕಣ್ಣು ತಾನಾಗಿ ಪ್ಯಾರಾದ ಕೊನೆಗೆ ಜಿಗಿಯುತ್ತದೆ. "ಏನೋ ಬಿಟ್ಟೆ" ಅಂತಾಳೆ ಅಮ್ಮ. ಹೇಗೆ ಗೊತ್ತಾಗುತ್ತದೋ ದೇವರೇ ಬಲ್ಲ. ಇನ್ನೊಂದು ವಿಚಿತ್ರ. ಆ ಪುಸ್ತಕದಲ್ಲೂ ಅಚ್ಚಿನ ತಪ್ಪುಗಳಿವೆ, ಬೇಕಾದಷ್ಟಿವೆ. ಬಾಯಿ ಅವನ್ನು ಸರಿ ಮಾಡಿಕೊಂಡು ಮುಂದೆ ಹೋಗುತ್ತದೆ, ಕೈ ಪೆನ್ನು ಹುಡುಕುವುದಿಲ್ಲ. ಕಾಯುತ್ತಾ ಕೂತಿರುವವರ ಮುಂದೆ ಉದ್ಧರಣ ಚಿಹ್ನೆಗಾಗಿ ಯಾರು ನಿಲ್ಲುತ್ತಾರೆ? ಇದನ್ನು ಆಫೀಸಿನ ಹಿರಿಯರಿಗೆ ಹೇಳಿದೆ. ಹಿಂದೆ ಪ್ರೂಫಿಗೆ ಇಬ್ಬರು ಕೂರುತ್ತಿದ್ದರಂತೆ. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದದ್ದನ್ನು ನೋಡುವುದು. "ಓದುವವನಿಗೆ ಕತೆ ಸಿಕ್ಕುತ್ತಿತ್ತು, ನೋಡುವವನಿಗೆ ತಪ್ಪು ಸಿಕ್ಕುತ್ತಿತ್ತು. ಈಗ ಇಬ್ಬರನ್ನೂ ಒಬ್ಬನೇ ಮಾಡಿದ್ದಾರೆ" ಅಂದರು. ಈಗ ನನ್ನ ಏರ್ಪಾಡು ಹೀಗೆ. ಹಗಲು ನೋಡುವವನು, ರಾತ್ರಿ ಓದುವವನು.

ಇಷ್ಟಾದರೂ ಅಮ್ಮ ಕಾಯುವುದು ಕತೆಗಲ್ಲ. ನಿನಗೆ.

ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದೀಯಲ್ಲ, ಮರೆತೇ ಹೋಗಿರಬೇಕು ನಿನಗೆ. 23ನೇ ಪುಟದಲ್ಲಿ "ಸುಳ್ಳು!" ಅಂತ ಇದೆ. ಅದನ್ನೂ ಓದಿಬಿಟ್ಟೆ. ಅಮ್ಮ ಜೋರಾಗಿ ನಕ್ಕಳು. ಅಲ್ಲಿಂದ ಮುಂದೆ ಪುಟ ತಿರುಗಿಸಿದ ಕೂಡಲೇ "ಅವನೇನು ಬರೆದಿದ್ದಾನೆ?" ಅಂತ ಮೊದಲು ಕೇಳುತ್ತಾಳೆ. ಏನೂ ಬರೆದಿಲ್ಲ ಅಂದರೆ "ಇಲ್ಲಿ ನಿದ್ದೆ ಮಾಡಿದ್ದಾನೆ" ಅಂತಾಳೆ. 51ರಲ್ಲಿ ನೀನು ಲೇಖಕರ ಜೊತೆ ಜಗಳಕ್ಕೇ ಇಳಿದಿದ್ದೀಯ. ಅಂಚು ಸಾಲದೆ ಕೆಳಗಡೆಗೂ ಹರಿದಿದೆ. ಅಮ್ಮ ಲೇಖಕರ ಪರ. ನಾನು ನಿನ್ನ ಪರ ವಾದ ಮಾಡಿದೆ, ಸೋತೆ.

ಮೊನ್ನೆ 88ನೇ ಪುಟ. ಆ ಮಳೆಯ ರಾತ್ರಿಯ ಭಾಗ. ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿದ್ದೀಯ: "ಇದನ್ನು ಅಪ್ಪನಿಗೆ ಓದಿ ಹೇಳಬೇಕು."

ನಾನು ಅದನ್ನು ಗಟ್ಟಿಯಾಗಿ ಓದಿದ ಮೇಲೇ ಏನು ಓದಿದೆ ಅಂತ ಹೊಳೆದದ್ದು. ಅಮ್ಮ ಕೇಳಿದಳು, "ಓದಿ ಹೇಳಿದನಂತಾ?" ನನಗೆ ಗೊತ್ತಿಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಲೆಕ್ಕ ಹಾಕಿದಳು. "ಪುಸ್ತಕ ನಿನ್ನ ಹತ್ತಿರ ಇತ್ತಲ್ಲೋ." ನಿಮ್ಮಪ್ಪ ಹೋಗಿ ಏಳು ವರ್ಷ. ನನ್ನ ಕಪಾಟಿನಲ್ಲಿ ಅದು ಹದಿನೈದು ವರ್ಷ. ನೀನು ಅಷ್ಟು ಸಲ ಯಾಕೆ ಕೇಳುತ್ತಿದ್ದೆ ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಪುಸ್ತಕದ ಹುಚ್ಚ, ಒಂದು ಪ್ರತಿಗಾಗಿ ಪ್ರಾಣ ತಿನ್ನುತ್ತಾನೆ ಅಂತಲೇ ನಗುತ್ತಿದ್ದೆ. ಬೇರೆ ಪ್ರತಿ ಕೊಂಡು ಓದಿ ಹೇಳಿದ್ದೆಯೋ ಏನೋ. ಹೇಳಿದ್ದರೆ ನನಗೊಂದು ಸಾಲು ಬರೆ. ಹೇಳಿಲ್ಲದಿದ್ದರೆ ಅದನ್ನೂ ಬರೆ, ಬೈದೇ ಬರೆ. ಆ ರಾತ್ರಿ ಹತ್ತು ಪುಟ ಆಗಲಿಲ್ಲ.

ಪುಸ್ತಕವನ್ನು ಮರುದಿನವೇ ಅಂಚೆಗೆ ಹಾಕುತ್ತೇನೆ ಅಂತ ಹೊರಟೆ. ಅಮ್ಮ ಬಿಡಲಿಲ್ಲ. "ಹದಿನೈದು ವರ್ಷ ತಡೆದವನು ಇನ್ನು ಒಂದು ವಾರ ತಡೆಯೋದಿಲ್ವಾ? ಅವನು ಮುಂದೆ ಏನು ಬರೆದಿದ್ದಾನೆ ನೋಡಬೇಕು" ಅಂದಳು. ಇನ್ನು 64 ಪುಟ ಇದೆ. ಮುಗಿದ ದಿನವೇ ಕಳಿಸುತ್ತೇನೆ, ಹೊದಿಕೆ ತೆಗೆದು.

ಅಂದಹಾಗೆ, 97ನೇ ಪುಟದ ಎಡಗಡೆ ಒಂದು ಪದ ಬರೆದು ಎರಡು ಸಲ ಅಡಿಗೆರೆ ಹಾಕಿದ್ದೀಯ. ಪೆನ್ಸಿಲ್ ಅಳಿಸಿಹೋಗಿದೆ. ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಹಿಡಿದು, ರಟ್ಟು ಇಟ್ಟು, ನನ್ನ ವಿದ್ಯೆಯೆಲ್ಲ ಉಪಯೋಗಿಸಿ ನೋಡಿದೆ. "ಹಟ" ಅಂತಲೂ ಕಾಣುತ್ತದೆ, "ಹೌದು" ಅಂತಲೂ ಕಾಣುತ್ತದೆ. ಅಮ್ಮ ಅದನ್ನು ತಿಳಿಯದೆ ಮುಂದಿನ ಪುಟ ಓದಲು ಬಿಡುತ್ತಿಲ್ಲ. ನಿನ್ನೆಯಿಂದ ಅಲ್ಲೇ ನಿಂತಿದ್ದೇವೆ. ಕಾಗದ ಬರೆಯುವಷ್ಟು ಕಾಯಿಸಬೇಡ, ಫೋನ್ ಮಾಡು. ಒಂಬತ್ತು ಗಂಟೆಯ ಒಳಗೆ.

ನಿನ್ನ,
ಪುಸ್ತಕಗಳ್ಳ